ಒಂದು ಓಟಿಗೆ ಬಿದ್ದ 371ಜೆ

ನಾನು ಸಿಂಧನೂರು ತಾಲ್ಲೂಕಿನ ಒಂದು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಸಂವಿಧಾನ ತಿದ್ದುಪಡಿಯ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. 368ನೇ ವಿಧಿ, ಮೂರನೇ ಎರಡರಷ್ಟು ಬಹುಮತ, ಮುಗೀತು. ಮಕ್ಕಳು ಬರೆಯುತ್ತಾರೆ, ನಾನು ಅಂಕ ಹಾಕುತ್ತೇನೆ. ಆ ಸಾಲಿಗೆ ಇನ್ನೊಂದು ಅರ್ಧ ಇದೆ. ಅದು ನನಗೇ ಸರಿಯಾಗಿ ತಲೆಗೆ ಹೋದದ್ದು ಕಳೆದ ಡಿಸೆಂಬರ್‌ನಲ್ಲಿ, ಕ್ಲಾಸಿನಲ್ಲಿ ಲೋಕಸಭೆಯ ಒಂದು ದಿನ ನಡೆಸಿದಾಗ.

ಯುವ ಸಂಸತ್ ಸ್ಪರ್ಧೆಗಳನ್ನು ನೀವೂ ನೋಡಿರಬಹುದು. ಯಾರೋ ಬರೆದುಕೊಟ್ಟ ಮಾತನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಪ್ರಧಾನಿ ಆದವನು ಅಪ್ಪನ ಬಿಳಿ ಅಂಗಿ ಹಾಕಿಕೊಂಡು ಬರುತ್ತಾನೆ. ಕೊನೆಗೆ ಸ್ಪೀಕರ್ ಕೇಳುತ್ತಾರೆ, ಎಲ್ಲರೂ 'ಹೌದು' ಅಂತ ಕೂಗುತ್ತಾರೆ, ಚಪ್ಪಾಳೆ. ಮಸೂದೆ ಬೀಳುವುದೇ ಇಲ್ಲ. ಬೀಳೋಕೆ ದಾರಿಯೇ ಇಲ್ಲದ ಮೇಲೆ ಅದೆಂಥ ಓಟು, ಅಲ್ವಾ? ಹಾಗಾಗಿ ಈ ಸಲ ಬರೆದುಕೊಟ್ಟ ಮಾತು ಬೇಡ, ಓಟು ಅವರವರ ಇಷ್ಟ ಅಂದೆ.

ಯಾವ ಮಸೂದೆ ಅನ್ನೋದಕ್ಕೆ ಹೆಚ್ಚು ಯೋಚಿಸಲಿಲ್ಲ. ನಮ್ಮ ಭಾಗದ ಮಕ್ಕಳಿಗೆ ಗೊತ್ತಿರುವ ಸಂವಿಧಾನದ ವಿಧಿ ಒಂದೇ, 371ಜೆ. ಅದೂ ಸಂವಿಧಾನ ಅಂತ ಅಲ್ಲ, ಸರ್ಟಿಫಿಕೇಟ್ ಅಂತ. ಅಣ್ಣನ ನೌಕರಿ ಅರ್ಜಿಗೆ, ಅಕ್ಕನ ಸೀಟಿಗೆ ಅದು ಬೇಕೇ ಬೇಕು. ನಮ್ಮ ಭಾಗದವರಿಗೆ ನೌಕರಿ, ಸೀಟುಗಳಲ್ಲಿ ಮೀಸಲು ಕೊಡಲು 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿ ಅದು. ಆಗ ಅದರಲ್ಲಿ ಸೇರಿದ್ದ ಜಿಲ್ಲೆಗಳು ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಜೊತೆಗೆ ಬಳ್ಳಾರಿ. ಮಸೂದೆಯಾಗಿ ಬಂದಾಗ ಅದರ ಸಂಖ್ಯೆ 118, ಕಾಯ್ದೆಯಾದಾಗ 98. 'ಇಪ್ಪತ್ತು ಎಲ್ಲಿ ಹೋದವು ಸರ?' ಎಂದು ಒಬ್ಬ ಕೇಳಿದ. ತಂದ ಮಸೂದೆಗಳದ್ದು ಒಂದು ಲೆಕ್ಕ, ಪಾಸಾದವುಗಳದ್ದು ಇನ್ನೊಂದು ಲೆಕ್ಕ ಅಂದೆ. ಬಿದ್ದವೂ ಇರುತ್ತವೆ ಅಂತ ಅವತ್ತೇ ಹೇಳಿದಂತಾಯಿತು. ಯಾರೂ ಗಮನಿಸಲಿಲ್ಲ, ನಾನೂ ಸೇರಿ.

ಕ್ಲಾಸಿನಲ್ಲಿ ಒಟ್ಟು 54 ಮಂದಿ. ಲೋಕಸಭೆಯ 543ಕ್ಕೆ ಹತ್ತರಲ್ಲಿ ಒಂದು ಪಾಲು. ಹಾಜರಿ ಪುಸ್ತಕವೇ ಸದಸ್ಯರ ಪಟ್ಟಿ. ಲೋಕಸಭೆಯ ಮಹಾಕಾರ್ಯದರ್ಶಿ ಮತ್ತು ಪತ್ರಕರ್ತರನ್ನು ಕಾಮರ್ಸ್ ವಿಭಾಗದಿಂದ ಕರೆಸಿದೆ. ಸ್ಪೀಕರ್ ಆಗಿ ಹಿಂದಿನ ಬೆಂಚಿನ ಒಬ್ಬ ಹುಡುಗಿಯನ್ನು ಮಕ್ಕಳೇ ಆರಿಸಿದರು. ಧ್ವನಿ ದೊಡ್ಡದು ಅನ್ನೋದೊಂದೇ ಕಾರಣ. ಕ್ಷೇತ್ರ ಹಂಚುವಾಗ ಒಂದು ತಮಾಷೆಯಾಯಿತು. ತಮ್ಮ ಎಂಪಿ ಕ್ಷೇತ್ರ ರಾಯಚೂರು ಅಂತಲೇ ಅರ್ಧ ಕ್ಲಾಸು ನಂಬಿತ್ತು. ಸಿಂಧನೂರು, ಮಸ್ಕಿ ಎರಡೂ ರಾಯಚೂರು ಜಿಲ್ಲೆಯವು, ಆದರೆ ಸೇರಿರುವುದು ಕೊಪ್ಪಳ ಲೋಕಸಭಾ ಕ್ಷೇತ್ರಕ್ಕೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪವೂ ಅದರಲ್ಲೇ. ಮೂರು ಜಿಲ್ಲೆಯ ಎಂಟು ವಿಧಾನಸಭಾ ಕ್ಷೇತ್ರ, ಒಬ್ಬರೇ ಸಂಸದರು.

ತಯಾರಿಗೆ ಸಂಸದ್ ಟಿವಿಯ ಹಳೆಯ ಕಲಾಪ ತೋರಿಸಿದೆ. ಹತ್ತು ನಿಮಿಷಕ್ಕೆ ಆಕಳಿಕೆ ಶುರು. ಓಟಿನ ಭಾಗ ಬಂದಾಗ ಮಾತ್ರ ಎಲ್ಲರೂ ಎದ್ದು ಕೂತರು. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ಮಸೂದೆಗೆ ಲೋಕಸಭೆಯಲ್ಲಿ ಪರ 454, ವಿರೋಧ 2. 2024ರ ಡಿಸೆಂಬರ್ 17ರಂದು ಒಂದು ದೇಶ ಒಂದು ಚುನಾವಣೆ ಮಸೂದೆ ಮಂಡಿಸುವಾಗ ಪರ 269, ವಿರೋಧ 198. ಎರಡನ್ನೂ ಬೋರ್ಡಿನ ಮೇಲೆ ಬರೆದು ಲೆಕ್ಕ ಹಾಕಿಸಿದೆ. ಎರಡನೆಯದರಲ್ಲಿ ಓಟು ಹಾಕಿದವರು 467. ಅದರ ಮೂರನೇ ಎರಡರಷ್ಟು ಅಂದರೆ 312. ಬಂದದ್ದು 269. ಹಾಗಾದರೆ ಹೇಗೆ ಗೆದ್ದಿತು? ಮಂಡಿಸಲು ಅನುಮತಿ ಕೊಡೋಕೆ ಸಾದಾ ಬಹುಮತ ಸಾಕು. ತಿದ್ದುಪಡಿಯನ್ನು ಪಾಸು ಮಾಡೋಕೆ ಸಾಲದು. ಪಾಠದಲ್ಲಿ ಎಷ್ಟು ಸಲ ಹೇಳಿದರೂ ಹತ್ತದ ವಿಷಯ, ಆ ಎರಡು ಸಾಲು ಲೆಕ್ಕಕ್ಕೆ ಹತ್ತಿತು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಸದನ ಸೇರಿತು. ದೆಹಲಿಯಲ್ಲಿ ಹನ್ನೊಂದಕ್ಕೆ ಸೇರುತ್ತದೆ. ನಮಗೆ ಮಧ್ಯಾಹ್ನದ ಬಸ್ಸು ತಪ್ಪಬಾರದಲ್ಲ.

ಮೊದಲು ಪ್ರಶ್ನೋತ್ತರ. ಹಿಂದಿನ ವಾರವೇ ಒಂದು ರಟ್ಟಿನ ಡಬ್ಬಿ ಇಟ್ಟು ಪ್ರಶ್ನೆ ಬರೆದು ಹಾಕಿ ಅಂದಿದ್ದೆ. ನಿಜವಾದ ಸದನದಲ್ಲಿ ಹದಿನೈದು ದಿನ ಮೊದಲೇ ಕೊಡಬೇಕು. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, ಅವಕ್ಕೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಹೇಳಬೇಕು. ಡಬ್ಬಿ ತೆರೆದರೆ ಮುಕ್ಕಾಲು ಪಾಲು ನಮ್ಮೂರಿಗೆ ಬಸ್ ಯಾಕೆ ಬರಲ್ಲ, ಹಾಸ್ಟೆಲ್ ಸಾರು ಯಾಕೆ ನೀರು ಅನ್ನೋವೇ. ಇದೆಲ್ಲ ವಿಧಾನಸಭೆಯ ಲೆಕ್ಕ, ಸಂಸತ್ತಿನಲ್ಲಿ ಕೇಂದ್ರದ ಕೈಯಲ್ಲಿ ಇರೋದನ್ನೇ ಕೇಳಬೇಕು ಅಂತ ವಾಪಸ್ ಕೊಟ್ಟೆ. ಬೇಜಾರಾದರು. ಆದರೆ ಉಳಿದ ಪ್ರಶ್ನೆಗಳು ಜೋರಾಗಿದ್ದವು. ರಾಯಚೂರಿಗೆ ಏಮ್ಸ್ ಯಾವಾಗ? ಗಿಣಿಗೇರಾ ಕಡೆಯಿಂದ ರೈಲು 2024ರಲ್ಲಿ ಸಿಂಧನೂರಿಗೆ ಬಂತು, ಮುಂದೆ ರಾಯಚೂರು ಮುಟ್ಟೋದು ಯಾವಾಗ? 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಉಳಿದ ಗೇಟುಗಳ ಕಥೆ ಏನು? ಗೇಟಿನ ಪ್ರಶ್ನೆ ಕೇಂದ್ರಕ್ಕೆ ಹೇಗೆ ಬರುತ್ತೆ ಅಂತ ವಿರೋಧ ಪಕ್ಷದವನೇ ತಕರಾರು ತೆಗೆದ. ಡ್ಯಾಮು ನೋಡಿಕೊಳ್ಳೋದು ಕೇಂದ್ರ ರಚಿಸಿದ ತುಂಗಭದ್ರಾ ಮಂಡಳಿ, ಅದಕ್ಕೇ ಬರುತ್ತೆ ಎಂದು ಜಲಶಕ್ತಿ ಮಂತ್ರಿಯಾದವಳು ಪಟ್ಟನೆ ಹೇಳಿದಳು. ಎಡದಂಡೆ ಕಾಲುವೆ ನೀರಲ್ಲಿ ಭತ್ತ ಬೆಳೆಯುವ ಮನೆಯ ಹುಡುಗಿ, ಅವಳಿಗೆ ಯಾರು ಕಲಿಸಬೇಕು?

ಶೂನ್ಯವೇಳೆ ಗದ್ದಲದಲ್ಲಿ ಹೋಯಿತು. ಟಿವಿಯಲ್ಲಿ ನೋಡಿದ್ದನ್ನೆಲ್ಲ ಮಾಡಿದರು. ಮೇಜು ಕುಟ್ಟಬೇಡಿ, ಒಂದು ಬೆಂಚಿನ ಕಾಲು ಮೊದಲೇ ಹೋಗಿದೆ ಅಂತ ಸ್ಪೀಕರ್ ರೂಲಿಂಗ್ ಕೊಟ್ಟಳು.

ಆಮೇಲೆ ಮಸೂದೆ. ಚರ್ಚೆ ನಾನು ಅಂದುಕೊಂಡದ್ದಕ್ಕಿಂತ ಗಂಭೀರವಾಯಿತು. ಸರ್ಟಿಫಿಕೇಟ್ ಎಲ್ಲರಿಗೂ ಬೇಕಾದದ್ದೇ, ವಿರೋಧ ಯಾರು ಮಾಡುತ್ತಾರೆ ಎಂದುಕೊಂಡಿದ್ದೆ. ಒಬ್ಬ ಕ್ಯಾಂಪಿನ ಹುಡುಗ ಎದ್ದ. ನಮ್ಮಲ್ಲಿ ಕ್ಯಾಂಪು ಅಂದರೆ ಕಾಲುವೆ ಬಂದಾಗ ಆಂಧ್ರದ ಕಡೆಯಿಂದ ಬಂದು ನೆಲೆಸಿದ ರೈತರ ಊರು. 'ನಮ್ಮ ತಾತ ಹೊರಗಿನವರು. ನಾನು ಇಲ್ಲೇ ಹುಟ್ಟಿದವನು. ನಾನು ಸ್ಥಳೀಯ ಹೌದೋ ಅಲ್ಲೋ?' ಎಂದ. ಗೃಹಮಂತ್ರಿ ಮಸೂದೆ ತಿರುವಿ ಹಾಕಿದ. ಹುಟ್ಟಿನಿಂದ ಅಥವಾ ವಾಸದಿಂದ ಈ ಪ್ರದೇಶಕ್ಕೆ ಸೇರಿದವರು ಎಂದಿದೆ, ನೀನು ಸೇರುತ್ತೀ ಅಂದ. ಇನ್ನೊಬ್ಬಳು, ಉಳಿದ ಜಿಲ್ಲೆಗಳಂತೆ ಬಳ್ಳಾರಿ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲೇ ಇರಲಿಲ್ಲ, ಮದ್ರಾಸಿನಲ್ಲಿತ್ತು, ಅದನ್ನು ಯಾಕೆ ಸೇರಿಸಿದಿರಿ ಅಂದಳು. ಒಳ್ಳೆಯ ಪ್ರಶ್ನೆ. ಮಂತ್ರಿಗೆ ಉತ್ತರ ಸಿಗಲಿಲ್ಲ, 'ಅದೂ ಹಿಂದುಳಿದೈತಿ' ಎಂದು ಕೂತುಬಿಟ್ಟ. ಅಲ್ಲೇ ಮೂರ್ನಾಲ್ಕು ಓಟು ಕೈತಪ್ಪಿತು ಅಂತ ನನಗೆ ಅನುಮಾನ.

ಮೊದಲು ಧ್ವನಿಮತ ಹಾಕಿಸಿದೆ, ವ್ಯತ್ಯಾಸ ಕಾಣಲಿ ಅಂತ. 'ಹೌದು' ಕಟ್ಟಡ ನಡುಗುವಂತೆ ಬಂತು. 'ಇಲ್ಲ' ಅನ್ನೋದು ಕ್ಷೀಣ. ಸಾದಾ ಮಸೂದೆ ಆಗಿದ್ದರೆ, ಯಾರೂ ಎಣಿಕೆ ಕೇಳದಿದ್ದರೆ, ಅಲ್ಲಿಗೇ ಮುಗಿಯುತ್ತಿತ್ತು. ಇದು ತಿದ್ದುಪಡಿ, ತಲೆ ಎಣಿಸಲೇಬೇಕು. ನಿಜವಾದ ಸದನದಲ್ಲಿ ಒಂದೊಂದು ಕಲಮಿಗೂ ಹಾಗೆ ಎಣಿಸುತ್ತಾರೆ. ನಾವು ಕೊನೆಯದಕ್ಕೆ ಮಾತ್ರ ಇಟ್ಟುಕೊಂಡಿದ್ದೆವು.

ಎಣಿಕೆಗೆ ಮುಂಚೆ ಲೋಕಸಭೆಯಲ್ಲಿ ಮೂರೂವರೆ ನಿಮಿಷ ಗಂಟೆ ಹೊಡೆಯುತ್ತದೆ. ಹೊರಗೆ ಇದ್ದವರು ಓಡಿ ಬರಲಿ ಅಂತ. ಆಮೇಲೆ ಬಾಗಿಲು ಹಾಕುತ್ತಾರೆ. ನಮ್ಮ ಗಂಟೆ ಅಂದರೆ ತೂಗುಹಾಕಿದ ರೈಲು ಹಳಿಯ ತುಂಡು. ಅಟೆಂಡರ್‌ಗೆ ಮೊದಲೇ ಹೇಳಿದ್ದೆ. ಅವರು ವಾಚು ನೋಡಿಕೊಂಡು ಬಿಡದೆ ಹೊಡೆದರು. ಒಂದು ನಿಮಿಷಕ್ಕೆ ಪಕ್ಕದ ಸೈನ್ಸ್ ವಿಭಾಗ ಚೀಲ ಎತ್ತಿಕೊಂಡು ಮನೆಗೆ ಹೊರಟಿತು. ಪ್ರಿನ್ಸಿಪಾಲರಿಗೆ ಆಮೇಲೆ ನಾನು ಕೊಟ್ಟ ಉತ್ತರ ಯಾವ ಚುಕ್ಕೆ ಗುರುತಿನ ಪ್ರಶ್ನೆಗೂ ಕಡಿಮೆ ಇರಲಿಲ್ಲ.

ಅಸಲಿ ಎಡವಟ್ಟು ಬೇರೆ. ಆಳುವ ಪಕ್ಷದ ಸಚೇತಕ, ಅಂದರೆ ವಿಪ್, ಗೇಟಿನ ಹೊರಗೆ ಚಹಾ ಅಂಗಡಿಯಲ್ಲಿದ್ದ ಇಬ್ಬರು ಸದಸ್ಯರನ್ನು ಕರೆತರಲು ಓಡಿದ. ಅದು ಅವನದೇ ಕೆಲಸ. ಅವರಿಬ್ಬರೂ ಗ್ಲಾಸು ಬಿಟ್ಟು ಓಡಿಬಂದು ಒಳಗೆ ಸೇರಿದರು. ಅಂಗಡಿಯವ ಇವನನ್ನು ಹಿಡಿದ, ದುಡ್ಡು ಕೊಡು ಅಂತ. ಇವನು ದುಡ್ಡು ಕೊಟ್ಟು ಚಿಲ್ಲರೆ ತಗೊಂಡು ಬರೋದರೊಳಗೆ ಗಂಟೆ ನಿಂತಿತು, ಬಾಗಿಲು ಬಿತ್ತು. ಕಿಟಕಿಯ ಸರಳು ಹಿಡಿದು 'ಹೌದ್ರಿ, ಹೌದ್ರಿ, ನಂದು ಹೌದು' ಎಂದು ಕೂಗಿದ. ಸ್ಪೀಕರ್ ನನ್ನ ಮುಖ ನೋಡಿದಳು. ನಾನು ಸೂರು ನೋಡಿದೆ. 'ಹೊರಗಿರೋರ ಮಾತು ದಾಖಲಾಗಲ್ಲ' ಎಂದಳು. ಹೇಳಿಕೊಟ್ಟವರು ಯಾರೂ ಇಲ್ಲ.

ದೆಹಲಿಯಲ್ಲಿ ಗುಂಡಿ ಒತ್ತುತ್ತಾರೆ. ಹಸಿರು ಪರ, ಕೆಂಪು ವಿರೋಧ, ಹಳದಿ ತಟಸ್ಥ. ನಮ್ಮದು ಅದೇ ಬಣ್ಣದ ಚಾರ್ಟ್ ಪೇಪರ್ ಚೀಟಿ. ಎಣಿಸಿದಾಗ ಹಸಿರು 27, ಕೆಂಪು 8, ಹಳದಿ 4.

ಕೂಗಾಟ ಶುರು. 27ಕ್ಕೆ 8, ಗೆದ್ದೆವು ಅಂತ. ಮಹಾಕಾರ್ಯದರ್ಶಿಯಾದ ಕಾಮರ್ಸ್ ಹುಡುಗ ಲೆಕ್ಕದಲ್ಲಿ ಬಿಗಿ. ತಟಸ್ಥರನ್ನು ಓಟು ಹಾಕಿದವರೆಂದು ಎಣಿಸುವಂತಿಲ್ಲ, ಆದ್ದರಿಂದ 35 ಓಟು, ಅದರ ಮೂರನೇ ಎರಡರಷ್ಟು 24, ಅದು ದಾಟಿದೆ ಅಂದ. ಮತ್ತೆ ಚಪ್ಪಾಳೆ. 'ತಡೀರಿ, ಇನ್ನೊಂದೈತಿ' ಎಂದ. ಸದನದ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು ಇರಬೇಕು. ಬಂದವರ ಅರ್ಧ ಅಲ್ಲ, ಒಟ್ಟು ಬಲದ್ದು. 54ರಲ್ಲಿ 28 ಬೇಕು. ಇರೋದು 27.

ಕ್ಲಾಸು ಗಪ್‌ಚಿಪ್.

ಅವತ್ತು ಹದಿಮೂರು ಮಂದಿ ಬಂದೇ ಇರಲಿಲ್ಲ. ಹತ್ತಿ ಬಿಡಿಸುವ ಕಾಲ. ಆ ತಿಂಗಳು ನಮ್ಮ ಹಾಜರಿ ಪುಸ್ತಕದಲ್ಲಿ ಯಾವಾಗಲೂ ಹಾಗೇ. ಅವರ ಪೈಕಿ ಒಬ್ಬರು ಬಂದಿದ್ದರೆ ಸಾಕಿತ್ತು. ಹಳದಿ ಚೀಟಿ ಹಾಕಿದ ನಾಲ್ವರಲ್ಲಿ ಒಬ್ಬರು ಹಸಿರು ಹಾಕಿದ್ದರೂ ಸಾಕಿತ್ತು. ಯಾಕೆ ಹಳದಿ ಎಂದು ಒಬ್ಬನನ್ನು ಕೇಳಿದೆ. 'ಇಬ್ರೂ ದೋಸ್ತರು ಸರ, ಯಾರಿಗೂ ಬ್ಯಾಸರ ಆಗಬಾರ್ದು ಅಂತ' ಎಂದ. ಇಬ್ಬರಿಗೂ ಬೇಡ ಅಂತ ಹಾಕಿದ ಚೀಟಿ ಕೆಂಪಿನ ಕೆಲಸ ಮಾಡಿತ್ತು. ಮನೆಯಲ್ಲಿದ್ದವರದೂ ಅಷ್ಟೇ. ಸಾದಾ ಬಹುಮತದಲ್ಲಿ ಬಾರದವರು ಲೆಕ್ಕಕ್ಕಿಲ್ಲ. ಇಲ್ಲಿ ಬಾರದವರೇ ಲೆಕ್ಕ.

ಸ್ಪೀಕರ್ ಎದ್ದು, 'ನಾನೂ ಒಂದು ಹಾಕ್ಲೇನ್ರಿ ಸರ?' ಎಂದಳು. ಅವಳ ಕೈಲಿ ಹಸಿರು ಚೀಟಿ ಸಿದ್ಧವಾಗಿತ್ತು. 100ನೇ ವಿಧಿ ತೆಗೆಸಿ ಓದಿಸಿದೆ. ಸ್ಪೀಕರ್ ಮೊದಲಿಗೆ ಓಟು ಹಾಕುವಂತಿಲ್ಲ, ಎರಡೂ ಕಡೆ ಸಮ ಬಂದರೆ ಮಾತ್ರ. ಇಲ್ಲಿ ಸಮ ಎಲ್ಲಿದೆ? ಚೀಟಿ ಮಡಚಿ ಕಂಪಾಸು ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269ಕ್ಕೆ 270 ಆಗಿ ಒಂದೇ ಓಟಿಗೆ ಬಿದ್ದದ್ದನ್ನು ಹೇಳಿ ಸಮಾಧಾನ ಮಾಡಲು ನೋಡಿದೆ. ಸಮಾಧಾನ ಆಗಲಿಲ್ಲ. ಇವರಿಗೆ ಅದು ಹುಟ್ಟೋಕೆ ಮುಂಚಿನ ಕಥೆ.

ಮತ್ತೊಮ್ಮೆ ಓಟು ಹಾಕಿಸಿ ಎಂದು ಹಟ ಹಿಡಿದರು. ವಿಪ್ ಅಂತೂ ಅಳುವುದೊಂದು ಬಾಕಿ. ನನಗೂ ಮನಸ್ಸಿತ್ತು. ಆದರೆ ಲೋಕಸಭೆಯ 338ನೇ ನಿಯಮ ಅಡ್ಡ ಬಂತು. ಸದನ ಒಮ್ಮೆ ತೀರ್ಮಾನಿಸಿದ ವಿಷಯವನ್ನೇ ಅದೇ ಅಧಿವೇಶನದಲ್ಲಿ ಮತ್ತೆ ತರುವಂತಿಲ್ಲ. ಆಟಕ್ಕೆ ಅಂತ ನಿಯಮ ಬಿಟ್ಟರೆ, ಬೆಳಿಗ್ಗೆಯಿಂದ ಮಾಡಿದ್ದೆಲ್ಲ ಸುಮ್ನೆ ನಾಟಕ ಆಗುತ್ತಿತ್ತು. ಸದನವನ್ನು ಮುಂದೂಡಲಾಗಿದೆ ಎಂದು ಸ್ಪೀಕರ್ ಹೇಳಿದಳು. ಎಲ್ಲರೂ ಮುಖ ಊದಿಸಿಕೊಂಡು ಬಸ್ಸಿಗೆ ಹೋದರು. ನಿಜವಾದ ಸಂಸತ್ತಿನಲ್ಲಿ ಪಕ್ಷಭೇದ ಮರೆತು ಒಪ್ಪಿದ ತಿದ್ದುಪಡಿ, ಅದರ ಫಲ ಉಣ್ಣುವ ಊರಿನಲ್ಲೇ ಬಿತ್ತು. ಮನೆಗೆ ಬಂದು ಹೆಂಡತಿಗೆ ಹೇಳಿದರೆ, ಅವಳು ನಕ್ಕಿದ್ದೇ ನಕ್ಕಿದ್ದು.

ಸೋಮವಾರ ವಿಪ್ ಬೇಗ ಬಂದಿದ್ದ. ಸಂಸತ್ತಿನಲ್ಲಿ ಪಕ್ಷದವರಿಗೆ ಕಳಿಸುವ ವಿಪ್ ಸೂಚನೆಗೆ ಒಂದು, ಎರಡು, ಮೂರು ಗೆರೆ ಎಳೆಯುತ್ತಾರೆ, ಮೂರು ಗೆರೆ ಅಂದರೆ ಬರಲೇಬೇಕು, ಹೇಳಿದಂತೆ ಓಟು ಹಾಕಲೇಬೇಕು ಎಂದು ಹೇಳಿದ್ದೆ. ಮೀರಿದರೆ 1985ರ ಪಕ್ಷಾಂತರ ನಿಷೇಧ ಕಾನೂನಿನಲ್ಲಿ ಸದಸ್ಯತ್ವಕ್ಕೇ ಕುತ್ತು ಬರಬಹುದು ಅಂತಲೂ ಹೇಳಿದ್ದೆ. ಶನಿವಾರ ಅವನು ಯಾರಿಗೂ ಒಂದು ಗೆರೆಯನ್ನೂ ಕಳಿಸಿರಲಿಲ್ಲ. ಬಾಯಲ್ಲಿ ಹೇಳಿದ್ದನಂತೆ.

ಹತ್ತಿ ಬಿಡಿಸಲು ಹೋಗಿದ್ದ ಒಬ್ಬ ಹುಡುಗಿ ಅವತ್ತು ಬಂದಳು. ಬೆರಳ ತುದಿಯೆಲ್ಲ ತರಚಿತ್ತು. ಏನಾಯಿತು ಎಂದು ಕೇಳಿದಳು. ಒಂದು ಓಟಿಗೆ ಬಿತ್ತು ಅಂದರು.

'ನನ್ನ ಓಟಾ?'

'ಹದಿಮೂರು ಮಂದಿದೂ' ಎಂದ ವಿಪ್.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿದಳು. 'ಮುಂದಿನ ಅಧಿವೇಶನ ಯಾವಾಗ್ರಿ ಸರ?' ಎರಡು ಅಧಿವೇಶನದ ನಡುವೆ ಆರು ತಿಂಗಳಿಗಿಂತ ಜಾಸ್ತಿ ಬಿಡುವಂತಿಲ್ಲ, ಅಷ್ಟರೊಳಗೆ ಯಾವಾಗ ಬೇಕಾದರೂ ಆಗಬಹುದು ಅಂದೆ.

'ಹಂಗಾದ್ರ ಹತ್ತಿ ಮುಗದ ಮ್ಯಾಲ ಇಡ್ರಿ' ಎಂದಳು. ವಿಪ್ ಆಗಲೇ ನೋಟ್‌ಬುಕ್ಕಿನ ಹಾಳೆ ಹರಿದು, ಸ್ಕೇಲು ಇಟ್ಟು, ಗೆರೆ ಎಳೆಯುತ್ತಿದ್ದ.