ಅಪ್ಪ-ಅಮ್ಮನ ಡ್ಯೂಟಿಗೆ ಮಗುವಿನ ಊಟ ಹೊಂದಿಸುವುದು ಹೇಗೆ?

ಸಂಜೆ ಅಮ್ಮನೋ ಅಪ್ಪನೋ ಕೆಲಸದಿಂದ ಬರುತ್ತಾರೆ. ಚಪ್ಪಲಿ ಇನ್ನೂ ಕಾಲಲ್ಲೇ ಇರುತ್ತದೆ. ಮೂರು ವರ್ಷದ ಮಗು ಓಡಿ ಬಂದು ಮೊದಲು ಬ್ಯಾಗಿನ ಜಿಪ್ ಎಳೆಯುತ್ತದೆ. ಒಳಗೆ ಬಿಸ್ಕತ್ತಿನ ಪ್ಯಾಕೆಟ್. ಅರ್ಧ ಪ್ಯಾಕೆಟ್ ಅಲ್ಲೇ ಖಾಲಿ. ಒಂದು ಗಂಟೆ ಬಿಟ್ಟು ತಟ್ಟೆ ಮುಂದಿಟ್ಟರೆ ಬಾಯಿ ಬಿಡುವುದಿಲ್ಲ. ‘ನಮ್ಮ ಮಗು ಏನೂ ತಿನ್ನಲ್ಲ’ ಎಂಬ ದೂರು ಶುರುವಾಗುವುದು ಇಲ್ಲೇ. ಎಷ್ಟೋ ಮನೆಗಳಲ್ಲಿ ಇದನ್ನು ನೋಡಿದ್ದೇನೆ. ನಮ್ಮ ಮನೆಯಲ್ಲೂ ತಿಂಗಳುಗಟ್ಟಲೆ ನಡೆದಿತ್ತು.

ಮೊದಲು ಒಂದು ವಾರ ಬರೆದಿಡಿ. ಏನು ತಿಂದಿತು, ಎಷ್ಟು ಗಂಟೆಗೆ, ಯಾರು ಕೊಟ್ಟರು, ಮೂರನ್ನೂ ಬರೆಯಿರಿ. ನಿಮ್ಮ ಕೆಲಸದ ಗುರುತು ಅದರಲ್ಲಿ ಎದ್ದು ಕಾಣುತ್ತದೆ. ನೈಟ್ ಶಿಫ್ಟ್ ಇರುವ ಮನೆಯಲ್ಲಿ ಬೆಳಗಿನ ತಿಂಡಿ ತಪ್ಪಿ ಬರೀ ಹಾಲಿನ ಮೇಲೆ ನಡೆದಿರುತ್ತದೆ. ಮನೆಯಿಂದಲೇ ಕೆಲಸ ಮಾಡುವವರಿದ್ದರೆ ಪ್ರತಿ ಮೀಟಿಂಗಿಗೂ ಮಗುವಿನ ಕೈಗೊಂದು ತಿನಿಸು ಹೋಗಿರುತ್ತದೆ, ಸುಮ್ನೆ ಕೂರಲಿ ಅಂತ. ದಿನವಿಡೀ ಹೊರಗೆ ದುಡಿಯುವವರ ಮನೆಯಲ್ಲಿ ಮಧ್ಯಾಹ್ನ ತಮ್ಮನಿಗೆ ತಿನ್ನಿಸಿದ್ದು ಏಳು ವರ್ಷದ ಅಕ್ಕ.

ಆಮೇಲೆ ಮಗುವಿನ ಸಮಯ ಗೊತ್ತು ಮಾಡಿ. ಅದು ಏಳುವ ಹೊತ್ತಿನಿಂದ ಲೆಕ್ಕ ಹಾಕಿ, ನಿಮ್ಮ ಡ್ಯೂಟಿಯಿಂದ ಬೇಡ. 9ರಿಂದ 23 ತಿಂಗಳ ಮಗುವಿಗೆ ಎದೆಹಾಲಿನ ಜೊತೆ ದಿನಕ್ಕೆ 3–4 ಊಟ, ಬೇಕೆನಿಸಿದರೆ 1–2 ಸಲ ಲಘು ತಿಂಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಎರಡೂವರೆ, ಮೂರು ಗಂಟೆಗೊಮ್ಮೆ ಕೊಡಿ. ನಡುವೆ ನೀರು ಮಾತ್ರ.

ಇನ್ನು ಎಲ್ಲರೂ ಎಡವುವ ಜಾಗ, ನೀವು ಮನೆಗೆ ಬಂದ ಮೇಲಿನ ಅರ್ಧ ಗಂಟೆ. ಇದರ ತಯಾರಿ ಮಧ್ಯಾಹ್ನವೇ ಆಗಬೇಕು. ನೀವು ಬರುವ ಎರಡು ಗಂಟೆ ಮೊದಲು ಮಗುವಿಗೆ ಗಟ್ಟಿ ತಿಂಡಿ ಸಿಗಲಿ: ಬೇಯಿಸಿದ ಮೊಟ್ಟೆ, ಮೆತ್ತಗೆ ಬೆಂದ ಕಾಳು, ಬಾಳೆಹಣ್ಣು. ಬ್ಯಾಗಿನಲ್ಲಿ ಏನೂ ತರಬೇಡಿ. ಇಡೀ ದಿನ ಬಿಟ್ಟು ಹೋದೆನಲ್ಲ ಎಂಬ ಸಂಕಟಕ್ಕೆ ನಾವು ಪ್ಯಾಕೆಟ್ ತರುತ್ತೇವೆ, ಅಲ್ವಾ? ಮಗುವಿಗೆ ಬೇಕಿರುವುದು ನೀವು. ಕೈ ತೊಳೆದು ಹತ್ತು ನಿಮಿಷ ನೆಲದ ಮೇಲೆ ಅದರ ಜೊತೆ ಕೂತುಬಿಡಿ. ಫೋನು ಬೇರೆ ಕೋಣೆಯಲ್ಲಿರಲಿ. ಅಡುಗೆ ಕಾಯುತ್ತದೆ.

ಊಟಕ್ಕೆ ಇನ್ನೂ ತಡವಿದ್ದು ಮಗು ಹಸಿದಿದ್ದರೆ ಬೆಂದ ತರಕಾರಿ ಹೋಳುಗಳನ್ನು ಮುಂದಿಡಿ. ತರಕಾರಿ ಹೊಟ್ಟೆ ಸೇರುವುದು ಇಂಥ ಹಸಿವಿನಲ್ಲೇ. ಬಿಸ್ಕತ್ತು ಸಿಗದೆ ಮೊದಲ ಮೂರು-ನಾಲ್ಕು ದಿನ ಅಳು, ರಂಪ ಇದ್ದದ್ದೇ. ನಮ್ಮ ಮನೆಯಲ್ಲಿ ಐದನೇ ದಿನ ಮಗಳು ಜಿಪ್ ಎಳೆದಳು, ಖಾಲಿ ನೋಡಿದಳು, ನನ್ನ ಕೈ ಹಿಡಿದು ಆಟಕ್ಕೆ ಎಳೆದೊಯ್ದಳು. ಅಜ್ಜಿ-ತಾತನನ್ನೂ ಮೊದಲೇ ಒಪ್ಪಿಸಿ. ಒಬ್ಬರು ಕದ್ದು ಕೊಟ್ಟರೂ ಮತ್ತೆ ಮೊದಲಿನಿಂದ ಶುರು.

ಊಟಕ್ಕೆ ಕೂತ ಮೇಲೆ ಆಹಾರ ತಜ್ಞೆ ಎಲಿನ್ ಸ್ಯಾಟರ್ ಹೇಳಿದ ಪಾಲು ಹಂಚಿಕೆ ನೆನಪಿಡಿ. ಏನು, ಯಾವಾಗ, ಎಲ್ಲಿ ಎನ್ನುವುದು ದೊಡ್ಡವರ ಪಾಲು. ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು ಎನ್ನುವುದು ಮಗುವಿನ ಪಾಲು. ಅರ್ಧ ಗಂಟೆಯಾದರೆ ತಟ್ಟೆ ಎತ್ತಿಬಿಡಿ. ಹೊಸ ರುಚಿಯನ್ನು ಹತ್ತು ಸಲವಾದರೂ ಮುಂದಿಡಬೇಕಾಗುತ್ತದೆ. ಸುಸ್ತಾಗಿದೆ ಎಂದು ಮೊಬೈಲ್ ತೋರಿಸಿ ತುರುಕುವುದು ಮಾತ್ರ ಖಂಡಿತ ಬೇಡ.

‘ವಿಟಮಿನ್ ಸೇರಿದೆ’ ಎಂದು ದೊಡ್ಡದಾಗಿ ಬರೆದ ಪುಡಿ, ಬಿಸ್ಕತ್ತುಗಳನ್ನು ಕೊಳ್ಳುವ ಮೊದಲು ಹಿಂದೆ ತಿರುಗಿಸಿ ನೋಡಿ. ಯಾವುದು ಜಾಸ್ತಿ ಇದೆಯೋ ಅದರ ಹೆಸರು ಪಟ್ಟಿಯಲ್ಲಿ ಮೊದಲು ಬರುತ್ತದೆ. ಮೊದಲ ಮೂರರಲ್ಲಿ ಸಕ್ಕರೆ ಇದ್ದರೆ ವಾಪಸ್ ಇಡಿ. ಹೀರುವ ಪೊಟ್ಟಣದ ಹಣ್ಣಿನ ತಿರುಳು ಪ್ರಯಾಣಕ್ಕೆ ಸರಿ, ದಿನಾ ಕೊಟ್ಟರೆ ಮಗು ಅಗಿಯುವುದನ್ನು ಕಲಿಯುವುದು ಯಾವಾಗ?

ರಜೆಯ ದಿನ ಕಾಳು, ತರಕಾರಿ ಬೇಯಿಸಿ ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಬೇಕಾದಷ್ಟನ್ನೇ ತೆಗೆದು ಹಬೆಯಾಡುವಂತೆ ಬಿಸಿ ಮಾಡಿ.

ಎದೆಹಾಲು ಹಿಂಡಿಟ್ಟು ಹೋಗುವ ತಾಯಂದಿರು ಬಾಟಲಿಯ ಮೇಲೆ ದಿನ, ಗಂಟೆ ಬರೆಯಿರಿ. 25 ಡಿಗ್ರಿಯೊಳಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇಡಬಹುದು. ಮೈಕ್ರೋವೇವ್ ಬೇಡ, ಹಾಲು ಒಂದು ಕಡೆ ಸುಡುವಷ್ಟು ಬಿಸಿಯಾಗುತ್ತದೆ. ಕೆಲಸದ ನಡುವೆ ಹಾಲೂಡಿಸಲು ಬಿಡುವು ಕೊಡಬೇಕು, ಅದಕ್ಕೆ ಸಂಬಳ ಹಿಡಿಯಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ದ ಒಪ್ಪಂದವೇ ಹೇಳುತ್ತದೆ. ಕೇಳಲು ಸಂಕೋಚ ಬೇಡ.

ಕೊನೆಗೆ ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ. ಊಟದ ಹೊತ್ತುಗಳು, ಅವತ್ತಿನ ಡಬ್ಬಿ ಯಾವುದು, ಕೊಡಬಾರದ್ದೇನು: ಒಂದು ವರ್ಷದೊಳಗೆ ಜೇನು, ಚಿಕ್ಕ ಮಕ್ಕಳಿಗೆ ಇಡೀ ದ್ರಾಕ್ಷಿ, ಇಡೀ ಬೀಜಗಳು. ನೋಡಿಕೊಳ್ಳುವವರು ಕೊಟ್ಟದ್ದಕ್ಕೆಲ್ಲ ಗುರುತು ಹಾಕಲಿ. ಶಿಫ್ಟ್ ಬದಲಾದ ರಾತ್ರಿಯೇ ಆ ಚೀಟಿಯನ್ನೂ ಬದಲಾಯಿಸಿ.