ಮಲಗುವ ಮುಂಚೆ ಹತ್ತು ನಿಮಿಷ ಜೋರಾಗಿ ಓದಿ

ದಾವಣಗೆರೆಯ ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಟಿವಿ ಬಂದ್, ಮಗಳ ಜೊತೆ ಹತ್ತು ನಿಮಿಷ ಓದು. ಪುಟ ಮುಗಿಸುವ ಆತುರ ಬೇಡ. ಮೊನ್ನೆ ಓಬವ್ವನ ಕಥೆ ಓದುತ್ತಿದ್ದೆ. ಹೈದರಾಲಿಯ ಸೈನಿಕ ಕಿಂಡಿಯಲ್ಲಿ ತಲೆ ತೂರಿಸುವ ಕಡೆ ಬೇಕಂತಲೇ ನಿಲ್ಲಿಸಿ, ‘ಈಗೇನಾಗುತ್ತೆ?’ ಅಂದೆ. ಆರು ವರ್ಷದ ಮಗಳು ಅಡುಗೆಮನೆಗೆ ಓಡಿ ಲಟ್ಟಣಿಗೆ ತಂದಳು! ಒನಕೆ ಅಂದರೇನು ಅಂತ ಈಗಿನ ಮಕ್ಕಳಿಗೆ ಎಲ್ಲಿ ಗೊತ್ತು, ಅಲ್ವಾ? ಅಲ್ಲೇ ಹೇಳಿಬಿಡಿ.

ಸಾಲಿನ ಕೆಳಗೆ ಬೆರಳು ಆಡಿಸುತ್ತಾ ಓದಿ, ಒತ್ತಕ್ಷರ ಕಣ್ಣಿಗೆ ಪಳಗುತ್ತದೆ. ಮಕ್ಕಳು ತಪ್ಪು ಓದಿದರೆ ತಕ್ಷಣ ತಿದ್ದಬೇಡಿ. ನಾನು ಮೊದಮೊದಲು ತಿದ್ದಿ ತಿದ್ದಿ ಮಗಳನ್ನು ಅಳಿಸಿಬಿಟ್ಟಿದ್ದೆ. ಅದೇ ಕಥೆ ನಾಳೆಯೂ ಬೇಕು ಅಂದರೆ ಓದಿ. ನಾಲ್ಕನೇ ದಿನ ಅವರೇ ನಿಮಗಿಂತ ಮುಂದೆ ಹೇಳುತ್ತಾರೆ.

ರಜೆಯಲ್ಲಿ ಚಿತ್ರದುರ್ಗದ ಕೋಟೆಗೆ ಹೋಗಿ ಆ ಕಿಂಡಿ ತೋರಿಸಿ. ದಾವಣಗೆರೆಯಿಂದ ಸುಮಾರು 60 ಕಿ.ಮೀ. ಅಷ್ಟೇ.