ಘಗ್ಗರ್ ಬಯಲಿನ ಬೂದು ಮರಳು: ನನ್ನ ಅನುಭವ

ನಮ್ಮ ಕೋಲಾರದ ಕಡೆ ಬೋರ್‌ವೆಲ್ ಪಾಯಿಂಟ್ ನೋಡುವುದು ಅಂದರೆ ಬಂಡೆಯ ಬಿರುಕು ಹುಡುಕುವುದು. ವರ್ಷಗಟ್ಟಲೆ ಅದನ್ನೇ ಮಾಡಿದ್ದ ನನಗೆ ರಾಜಸ್ಥಾನದ ಹನುಮಾನ್‌ಗಢ ಜಿಲ್ಲೆಯಲ್ಲಿ ಬಂಡೆಯೇ ಸಿಗಲಿಲ್ಲ. ಕೊರೆದಷ್ಟೂ ಮರಳು, ಜೇಡಿ, ಮತ್ತೆ ಮರಳು.

ಕಾಳಿಬಂಗಾದ ಹರಪ್ಪ ನಾಗರಿಕತೆಯ ದಿಬ್ಬದ ಪಕ್ಕದಲ್ಲೇ ಘಗ್ಗರ್ ನದಿಯ ಪಾತ್ರ. ಊರವರು ಅದನ್ನು ನಾಲಿ ಅಂತಾರೆ. ಮಳೆಗಾಲ ಮುಗಿದರೆ ಹರಿವು ನಿಲ್ಲುತ್ತದೆ.

ನೆಲದಡಿಯ ನೀರು ಹುಡುಕುವ ವಿಧಾನ ಸರಳ. ನಾಲ್ಕು ಉಕ್ಕಿನ ಕಡ್ಡಿಗಳನ್ನು ಒಂದೇ ಸಾಲಿನಲ್ಲಿ ನೆಲಕ್ಕೆ ಹೊಡೆದು, ಹೊರಗಿನ ಎರಡರಿಂದ ಕರೆಂಟ್ ಬಿಟ್ಟು, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆದೆವು. ಹೊರಗಿನ ಕಡ್ಡಿಗಳನ್ನು ದೂರ ಸರಿಸಿದಷ್ಟೂ ಇನ್ನೂ ಆಳದ ಸುಳಿವು ಸಿಗುತ್ತದೆ. ಒಣ ಮರಳುದಿಬ್ಬದ ಮೇಲೆ ಮಾತ್ರ ಕರೆಂಟ್ ಇಳಿಯಲೇ ಇಲ್ಲ. ಕಡ್ಡಿಯ ಬುಡಕ್ಕೆ ಉಪ್ಪುನೀರು ಸುರಿದ ಮೇಲೆ ರೀಡಿಂಗ್ ಸ್ಥಿರವಾಯಿತು.

ಹಳೇ ಪಾತ್ರದ ನಡುವೆ ಕೊರೆದಾಗ ಪ್ರತಿ 3 ಮೀಟರ್‌ಗೊಮ್ಮೆ ಬಂದ ಮಣ್ಣನ್ನು ಗುಡ್ಡೆ ಮಾಡಿ ಸಾಲಾಗಿ ಇಟ್ಟೆವು. ಮೊದಲು ಕಂದು ಜೇಡಿ, ಮೆಕ್ಕಲು. ಅದರ ಕೆಳಗೆ ಬೂದು ಮರಳು. ಅಂಗೈಗೆ ಹಾಕಿ ಬಿಸಿಲಿಗೆ ಹಿಡಿದರೆ ಕಾಗೆಬಂಗಾರದ ಚೂರುಗಳು ಫಳಫಳ ಹೊಳೆದವು. ಮೇಲಿನ ಹಳದಿ ಗಾಳಿಮರಳಿಗೂ ಇದಕ್ಕೂ ಸಂಬಂಧವೇ ಇಲ್ಲ. ಇದು ಹಿಮಾಲಯದಿಂದ ದೊಡ್ಡ ನದಿ ಹೊತ್ತು ತಂದ ಮರಳು. ಆ ನದಿ, ಅಂದರೆ ಸಟ್ಲೆಜ್, 8,000 ವರ್ಷಗಳ ಹಿಂದೆಯೇ ಈ ದಾರಿ ಬಿಟ್ಟಿತ್ತು ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಅಂದರೆ ಕಾಳಿಬಂಗಾ ಊರಾಗುವ ಎಷ್ಟೋ ಮೊದಲೇ. ಆ ಮರಳು ನನ್ನ ಕೈಯಲ್ಲಿ ಒದ್ದೆಯಾಗಿತ್ತು! ತುಂಬಾ ಹೊತ್ತು ಸುಮ್ನೆ ನೋಡ್ತಾ ನಿಂತೆ.

ತಪ್ಪು ಆದದ್ದು ಪಾತ್ರದ ಅಂಚಿನಲ್ಲಿ. ಅಲ್ಲಿ ರೀಡಿಂಗ್, ಅಂದರೆ ನೆಲ ಕರೆಂಟ್‌ಗೆ ಒಡ್ಡುವ ತಡೆ, 6 ಓಮ್-ಮೀಟರ್‌ಗೆ ಇಳಿಯಿತು. 'ಜೇಡಿ' ಅಂತ ಬರೆದುಬಿಟ್ಟೆ. ಕೊರೆದರೆ ಬಂದದ್ದು ಒಳ್ಳೇ ಮರಳು, ಆದರೆ ಅದರೊಳಗೆ ಉಪ್ಪುನೀರು. ಹೊಲದ ಯಜಮಾನರು ಒಂದು ಗುಟುಕು ಬಾಯಿಗೆ ಹಾಕಿ ಉಗಿದು, "ಖಾರಾ ಹೈ" (ಉಪ್ಪಾಗಿದೆ) ಅಂದರು. ಜೇಡಿಯಲ್ಲೂ ಉಪ್ಪುನೀರಿನಲ್ಲೂ ಕರೆಂಟ್ ಸಲೀಸಾಗಿ ಹರಿಯುತ್ತದೆ. ರೀಡಿಂಗ್‌ಗಳ ಗ್ರಾಫ್‌ನಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಆಮೇಲೆ ಕ್ರಮ ಬದಲಿಸಿದೆ. ಮೊದಲು ಸುತ್ತಲಿನ ಬಾವಿಗಳ ನೀರಿನ ಉಪ್ಪಂಶ ಮೀಟರ್ ಹಾಕಿ ನೋಡುವುದು, ಗ್ರಾಫ್ ಆಮೇಲೆ. ಬಾವಿಯೊಳಗೆ ಇಳಿಸುವ ಪೈಪಿಗೂ (ಕೇಸಿಂಗ್) ಇದೇ ಲೆಕ್ಕ. ಸಿಹಿನೀರಿನ ಬೂದು ಮರಳು ಇರುವ ಆಳದಲ್ಲಷ್ಟೇ ಫಿಲ್ಟರ್ ಪೈಪ್, ಉಳಿದ ಕಡೆ ತೂತಿಲ್ಲದ ಪೈಪ್. ಪಾತ್ರದ ನಡುವಿನ ಬಾವಿಗೆ ಹಾಗೇ ಇಳಿಸಿದೆವು. ಪಂಪ್ ಶುರು ಮಾಡಿದಾಗ ಮೊದಲು ಕೆಸರು ಬಂತು, ಆಮೇಲೆ ತಿಳಿನೀರು. ಅದೇ ಯಜಮಾನರು ಬೊಗಸೆ ತುಂಬಾ ಕುಡಿದರು.